ಮುಯ್ಯಾಳಿಗೆ ಹೋದ ಹುಡುಗ

“ಇಷ್ಟು ಓದಿಸಿದ್ದು ಮಂದಿ ಹೊಲದಾಗ ಪುಕ್ಕಟ ದುಡಿಲಾಕೇನ್ರಿ ಅಕ್ಕೋರೆ?” ಅಂತ ಮಗ್ಗಲಮನಿಯವರು ಫರಸಿ ಗ್ವಾಡಿಯ ಆಚೆಯಿಂದ ಕೇಳಿದರು. ಅವರ ತಂಗಿಯ ಮಗ ಜಹೀರಾಬಾದ್ ಕಡೆಯ ಪರ್ಮಾಕಲ್ಚರ್ ತೋಟಕ್ಕೆ ಸ್ವಯಂಸೇವಕನಾಗಿ ಹೊರಟಿದ್ದಾನೆ. ಪಗಾರ ಇಲ್ಲ. ದುಡಿಯಬೇಕು, ಎಲ್ಲರೊಂದಿಗೆ ಉಣ್ಣಬೇಕು, ಅಲ್ಲೇ ಇರಬೇಕು.

ಹೋಗಲಿ ಬಿಡ್ರಿ ಅಂದೆ. ಚಿತ್ತಾಪುರ, ಸೇಡಂ ಸೀಮೆಯಲ್ಲಿ ಹಿಂದೆ ಮುಯ್ಯಾಳಿಲ್ಲದೆ ಯಾರ ರಾಶಿ ಆಗುತ್ತಿತ್ತು? ಇವತ್ತು ನಿಮ್ಮ ಹೊಲದ ಕಸ ತೆಗೆದರೆ ನಾಳೆ ನಮ್ಮದು. ಲೆಕ್ಕ ಬರೆದಿಡುತ್ತಿರಲಿಲ್ಲ, ಆದರೆ ಮರೆಯುತ್ತಲೂ ಇರಲಿಲ್ಲ.

“ಅದೇನದು ಪರ್ಮಾಕಲ್ಚರ್?” ಅಂದರು. ಆಸ್ಟ್ರೇಲಿಯಾದ ಬಿಲ್ ಮಾಲಿಸನ್, ಡೇವಿಡ್ ಹೋಮ್‌ಗ್ರೆನ್ ಇಬ್ಬರೂ 1978ರಲ್ಲಿ ಪುಸ್ತಕ ಬರೆದು ಹಬ್ಬಿಸಿದ ಹೆಸರು. ಚಿಂಚೋಳಿ ಕಾಡಿಗೆ ಯೂರಿಯಾ ಹಾಕುವವರಾರು? ಉದುರಿದ ಎಲೆ ಅಲ್ಲೇ ಕೊಳೆಯುತ್ತದೆ, ಮಳೆನೀರು ಅಲ್ಲೇ ಇಂಗುತ್ತದೆ. ಹೊಲವನ್ನೂ ಹಾಗೇ ಕಟ್ಟುವುದು. ಇಳಿಜಾರಿಗೆ ಅಡ್ಡ ಒಡ್ಡು, ಒಡ್ಡಿನ ಮೇಲೆ ಗಿಡ, ನೆಲಕ್ಕೆ ಸೊಪ್ಪಿನ ಹೊದಿಕೆ, ಬಚ್ಚಲ ನೀರು ಬಾಳೆಗೆ.

ನಮ್ಮ ಎರೆ ಹೊಲಕ್ಕೆ ಇದು ತುರ್ತಾಗಿ ಬೇಕು. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತು, ಹೆಮ್ಮೆಯೇ ಸರಿ. ಆದರೆ ವರ್ಷವರ್ಷವೂ ಅದೇ ಹೊಲದಲ್ಲಿ ಬರೀ ತೊಗರಿ ಬಿತ್ತಿದರೆ ನೆಟೆ ರೋಗದ ಶಿಲೀಂಧ್ರ ಮಣ್ಣಲ್ಲೇ ಬೀಡುಬಿಡುತ್ತದೆ, ಹೂ ಕಾಯಿ ಹಿಡಿಯುವಾಗ ಗಿಡ ನಿಂತಲ್ಲೇ ಒಣಗುತ್ತದೆ. ನಡುವೆ ಜೋಳದ ಸಾಲು ಹಾಕಿದರೆ ಆ ರೋಗ ತಗ್ಗುತ್ತದೆ. ಅಕ್ಕಡಿ ಹಾಕುತ್ತಿದ್ದ ನಮ್ಮ ಹಿರಿಯರ ಹೊಲದಲ್ಲಿ ತೊಗರಿಯ ಜೊತೆ ಜೋಳ, ಹೆಸರು, ಎಳ್ಳು ಎಲ್ಲಾ ಇರುತ್ತಿದ್ದವು.

ಹುಡುಗ ಹೊರಟ ಸೀಮೆಯೂ ಪರದೇಶವಲ್ಲ. 1956ರವರೆಗೆ ನಾವೂ ಅವರೂ ಒಂದೇ ಹೈದರಾಬಾದ್ ರಾಜ್ಯದವರು. ಅಲ್ಲಿನ ಪಸ್ತಾಪುರದಲ್ಲಿ ನೆಲೆಯಿರುವ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ 1983ರಿಂದ ಹಳ್ಳಿಯ ದಲಿತ ಹೆಣ್ಣುಮಕ್ಕಳ ಸಂಘ ಕಟ್ಟುತ್ತಾ ಬಂದಿದೆ. ಬಂಜರು ನೆಲ ಹಸನು ಮಾಡಿದರು, ಊರೂರಲ್ಲಿ ಬೀಜ ಬ್ಯಾಂಕ್ ಮಾಡಿದರು. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಅವರಿಗೆ ಬಂತು. ಅದೇ ಸೀಮೆಯ ಬಿಡಕನ್ನೆಯಲ್ಲಿ ‘ಅರಣ್ಯ’ ಅನ್ನುವ ಸಂಸ್ಥೆಯ ತೋಟವಿದೆ. ನರಸಣ್ಣ, ಪದ್ಮಾ ಕೊಪ್ಪುಲ ದಂಪತಿ 1999ರಲ್ಲಿ ಕಟ್ಟಿದ ಸಂಸ್ಥೆ ಅದು. 2017ರಲ್ಲಿ ಲೋಕದ ಪರ್ಮಾಕಲ್ಚರ್ ಮಂದಿಯೆಲ್ಲ ಸೇರಿದ್ದು ಆ ಊರಲ್ಲೇ.

“ದುಡಿದಾನು ಬಿಡ್ರಿ, ನಾಲ್ಕು ಮಂದಿ ಜೊತಿ ಇರ್ತಾನೇನು?” ಅಂದರು ಅವರು. ಅದು ಸರಿಯಾದ ಪ್ರಶ್ನೆ. ಸಲಿಕೆ ಹಿಡಿಯುವುದನ್ನು ವಾರದಲ್ಲಿ ಕಲಿಯಬಹುದು. ಗೊತ್ತಿಲ್ಲದವರೊಂದಿಗೆ ಒಂದೇ ಒಲೆಯ ಅಡುಗೆ ಉಣ್ಣುವುದು, ಸರದಿ ಬಂದಾಗ ಎಲ್ಲರ ಪಾತ್ರೆ ತಿಕ್ಕುವುದು, ಪಕ್ಕದಲ್ಲಿ ಕೂತವರ ಜಾತಿ ಕೇಳದಿರುವುದು, ಇವು ನಿಧಾನಕ್ಕೆ ಬರುವ ವಿದ್ಯೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಿ, ಕಂಡಕಂಡವರನ್ನು ಕರೆದು ಬಜ್ಜಿ, ಸಜ್ಜೆ ರೊಟ್ಟಿ ಬಡಿಸುವ ನಾವು ಆ ಗುಣ ಒಂದೇ ದಿನಕ್ಕೆ ಮುಗಿಸಿಬಿಡುತ್ತೇವೆ. ಅವನು ಅದನ್ನು ದಿನವೂ ಕಲಿತರೆ ನಷ್ಟವೇನು?

ನಾನು ಒಂದೇ ಮಾತು ಗಟ್ಟಿಯಾಗಿ ಹೇಳಿದೆ. ಹೋಗಿ ಬರೀ ಫೋಟೋ ತಕ್ಕೊಂಡು ಬೆಂಗಳೂರು, ಪುಣೆ ಸೇರಿದರೆ ಅದು ಮುಯ್ಯಾಳಲ್ಲ. ಅವನಿಗೆ ಕಲಿಸಿದವರ ಋಣ ತೀರುವುದು ಅವರ ಹೊಲದಲ್ಲಲ್ಲ, ನಮ್ಮ ಹೊಲದಲ್ಲಿ. ಬಂದು ಒಂದು ಒಡ್ಡು ಹಾಕಲಿ, ಒಂದೆಕರೆಯಲ್ಲಿ ಅಕ್ಕಡಿ ಬಿತ್ತಲಿ, ಓಣಿಯ ಹುಡುಗರನ್ನು ಜೊತೆಗೆ ಕರೆಯಲಿ.

ವಾಡಿ, ಶಹಾಬಾದ್‌ನಲ್ಲಿ ಕೆಲಸ ಹುಡುಕುತ್ತಾ ಕೂತ ಮಕ್ಕಳಿರುವ ತಾಯಂದಿರಿಗೂ ಇದನ್ನೇ ಹೇಳುತ್ತೇನೆ: ಒಂದು ತಿಂಗಳು ಕಳಿಸಿ ನೋಡ್ರಿ. ಅವರು ಬರುವಷ್ಟರಲ್ಲಿ ಒಂದು ತುಂಡು ಹೊಲ ಅವರ ಕೈಗೆ ಬಿಟ್ಟುಕೊಡಲು ನೀವೂ ಸಿದ್ಧರಾಗಿರ್ರಿ.