ಡ್ಯುಯಲ್ ಸಿಮ್ ಪದವೀಧರ

ಈಗಿನ ದೊಡ್ಡ ಮನೆತನಗಳಲ್ಲಿ ಒಬ್ಬ ಡಾಕ್ಟರು, ನಾಲ್ವರು ಸಾಫ್ಟ್‌ವೇರು, ಒಬ್ಬ ಅಮೆರಿಕ ಇದ್ದೇ ಇರುತ್ತಾರೆ. ಇವರಲ್ಲದೆ, ಏನು ಓದಿದ್ದಾನೆಂದು ಹೆತ್ತವರಿಗೂ ಸರಿಯಾಗಿ ಹೇಳಲು ಬಾರದ ಒಬ್ಬ ಇರುತ್ತಾನೆ. ಅವನ ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿಗಿಂತ ಓದೇ ಉದ್ದ: ಬಿ.ಇ. (ಟೆಲಿಕಮ್ಯುನಿಕೇಷನ್), ಎಂ.ಬಿ.ಎ. (ಟೆಲಿಕಾಂ ಮ್ಯಾನೇಜ್‌ಮೆಂಟ್). ತೀರ್ಥಹಳ್ಳಿ ಕಡೆಯ ಅವನ ಊರಿನಲ್ಲಿ ಇಷ್ಟನ್ನೂ ಬಾಯಿಪಾಠ ಮಾಡುವ ಪುರುಸೊತ್ತು ಯಾರಿಗೂ ಇಲ್ಲ. ‘ಟವರ್’ ಎಂದು ಕರೆಯುತ್ತಾರೆ. ಅವನೂ ಓಗೊಡುತ್ತಾನೆ.

ಟವರ್‌ನ ಜನನ ಸಿಇಟಿ ಕೌನ್ಸೆಲಿಂಗಿನಲ್ಲಿ. ಬೇಕಾಗಿದ್ದದ್ದು ಇ ಅಂಡ್ ಸಿ, ಅಂದರೆ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್. ಅವನ ಸರದಿ ಬರುವ ಹೊತ್ತಿಗೆ ಉಳಿದಿದ್ದದ್ದು ಟೆಲಿಕಾಂ. “ಎರಡೂ ಒಂದೇ ಮಾರಾಯ, ಎರಡು ಮೂರು ಪೇಪರ್ ಬೇರೆ ಅಷ್ಟೆ” ಎಂದು ಯಾರೋ ಸೀನಿಯರ್ ಧೈರ್ಯ ತುಂಬಿದ. ಆ ಎರಡು ಮೂರು ಪೇಪರುಗಳಲ್ಲೇ ಒಂದು ಅವನಿಗೆ ಬ್ಯಾಕ್ ಉಳಿಯಿತು. ಕೊನೆಯ ವರ್ಷ ಕ್ಯಾಂಪಸ್ಸಿಗೆ ಬಂದ ಕಂಪನಿಗಳೆಲ್ಲ ಸಾಫ್ಟ್‌ವೇರಿನವು. ಸಿವಿಲ್, ಮೆಕ್ಯಾನಿಕಲ್, ಟೆಲಿಕಾಂ ಎಂಬ ಭೇದವೆಣಿಸದೆ ಎಲ್ಲರಿಗೂ ಜಾವಾ ದೀಕ್ಷೆ ಕೊಡುವಂಥವು. ಆಂಟೆನಾ ಓದಿದವನನ್ನು ಆಂಟೆನಾ ಬಗ್ಗೆ ಕೇಳುವವರು ಯಾರೂ ಇರಲಿಲ್ಲ. ಆಗ ಅವನಿಗೆ ಜ್ಞಾನೋದಯವಾಯಿತು: ಆಂಟೆನಾ ಕಟ್ಟುವವನಿಗಿಂತ, ಎಲ್ಲಿ ಕಟ್ಟಿದರೆ ದುಡ್ಡು ಹುಟ್ಟುತ್ತದೆ ಎಂದು ಹೇಳುವವನ ಸಂಬಳ ಜಾಸ್ತಿ.

ಅಂಥ ವಿದ್ಯೆಗೂ ಶಾಲೆಗಳಿದ್ದವು. ಪುಣೆಯಲ್ಲಿ ಸಿಂಬಯಾಸಿಸ್‌ನವರು 1996ರಲ್ಲೇ ಟೆಲಿಕಾಂ ಮ್ಯಾನೇಜ್‌ಮೆಂಟಿಗೆಂದು ಪ್ರತ್ಯೇಕ ಸಂಸ್ಥೆ ತೆರೆದಿದ್ದರು. ದೇಶದಲ್ಲಿ ಮೊಬೈಲ್ ಬಂದು ಆಗಿನ್ನೂ ಒಂದು ವರ್ಷವಾಗಿತ್ತು. 1995ರ ಜುಲೈ 31ರಂದು ಕೋಲ್ಕತ್ತದಿಂದ ಆಗಿನ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಮ್‌ಗೆ ಮೊದಲ ಕರೆ ಮಾಡಿದ್ದರು. ದೆಹಲಿಯ ಐಐಟಿಯಲ್ಲಿ 2000ದಲ್ಲಿ ಭಾರ್ತಿ ಹೆಸರಿನ ಟೆಲಿಕಾಂ ಶಾಲೆ ಬಂತು. ಅದರ ಹೆಸರಿನಲ್ಲೇ ಟೆಕ್ನಾಲಜಿಯೂ ಇದೆ, ಮ್ಯಾನೇಜ್‌ಮೆಂಟೂ ಇದೆ. ಟವರ್ ಇಂಥದ್ದೊಂದು ಕೋರ್ಸಿಗೆ ಸೇರಿದ್ದು 2010ರಲ್ಲಿ, ಸರ್ಕಾರ 3ಜಿ ತರಂಗಾಂತರ ಹರಾಜು ಹಾಕಿ 67 ಸಾವಿರ ಕೋಟಿಗೂ ಮೀರಿ ಬಾಚಿಕೊಂಡ ವರ್ಷ. ಗಾಳಿಯಲ್ಲಿ ಕಾಣದೆ ಇರುವುದಕ್ಕೇ ಇಷ್ಟು ಬೆಲೆಯಾದರೆ ಅದನ್ನು ಓದಿದವನಿಗೆ ಎಷ್ಟಿರಬೇಡ ಎಂದು ಅಪ್ಪ ಎಜುಕೇಷನ್ ಲೋನಿಗೆ ಸಹಿ ಹಾಕಿದರು.

ಸಂದರ್ಶನದಲ್ಲಿ “ಇಂಜಿನಿಯರಿಂಗ್ ಆದ ಮೇಲೆ ಇದ್ಯಾಕೆ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಟವರ್ ಹತ್ತಿರ ಅದಕ್ಕೊಂದು ಬ್ರಹ್ಮಾಸ್ತ್ರವಿದೆ, ಇವತ್ತಿಗೂ ಪ್ರಯೋಗಿಸುತ್ತಾನೆ. “ಸರ್, 1986ರಲ್ಲಿ ಸರ್ಕಾರಿ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್‌ನವರು ತಾವೇ ರೂಪಿಸಿದ 128 ಪೋರ್ಟಿನ ಹಳ್ಳಿ ಎಕ್ಸ್‌ಚೇಂಜನ್ನು ಮೊದಲು ಕೂರಿಸಿದ್ದು ನಮ್ಮ ಕಿತ್ತೂರಿನಲ್ಲಿ. ವಿದೇಶಿ ಎಕ್ಸ್‌ಚೇಂಜಿಗೆ ಏಸಿ ರೂಮ್ ಬೇಕಿತ್ತು. ಇದು ಧೂಳಲ್ಲಿ, ಸೆಕೆಯಲ್ಲಿ, ಏಸಿ ಇಲ್ಲದೆ ನಡೀತಿತ್ತು. ಏಸಿ ತೆಗೆದಿದ್ದು ಇಂಜಿನಿಯರಿಂಗ್. ಹಳ್ಳೀಲಿ ಏಸಿ ಇರಲ್ಲ ಅಂತ ಮೊದಲೇ ಯೋಚನೆ ಮಾಡಿದ್ದು ಮ್ಯಾನೇಜ್‌ಮೆಂಟ್.” ಉತ್ತರ ಚೆನ್ನಾಗಿದೆ. ತೊಂದರೆ ಏನೆಂದರೆ ಇದನ್ನು ಅವನು ಮದುವೆ ಮನೆಯಲ್ಲೂ ಹೇಳುತ್ತಾನೆ.

ಎರಡು ವರ್ಷ ಬೆಳಿಗ್ಗೆ ಎರ್ಲಾಂಗ್, ಮಧ್ಯಾಹ್ನ ಬ್ಯಾಲೆನ್ಸ್ ಶೀಟ್. ಎರ್ಲಾಂಗ್ ಎಂಬಾತ ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಡೆನ್ಮಾರ್ಕಿನ ಗಣಿತಜ್ಞ. ಇಷ್ಟು ಜನ ಇಷ್ಟಿಷ್ಟು ಹೊತ್ತು ಮಾತಾಡಿದರೆ ಎಷ್ಟು ಲೈನ್ ಬೇಕು, ಎಷ್ಟು ಜನರಿಗೆ ಲೈನ್ ಸಿಗದೆ ಹೋಗುತ್ತದೆ ಎಂದು ನೂರು ವರ್ಷದ ಹಿಂದೆಯೇ ಸೂತ್ರ ಬರೆದಿಟ್ಟವನು. ಒಂದು ಲೈನ್ ಒಂದು ಗಂಟೆ ಪೂರ್ತಿ ಬಿಡುವಿಲ್ಲದೆ ದುಡಿದರೆ ಅದು ಒಂದು ಎರ್ಲಾಂಗ್. ಮಧ್ಯಾಹ್ನದ ತರಗತಿಯ ದೇವರು ಬೇರೆ, ಹೆಸರು ಆರ್ಪು: ಒಬ್ಬ ಗ್ರಾಹಕನಿಂದ ತಿಂಗಳಿಗೆ ಸರಾಸರಿ ಎಷ್ಟು ವಸೂಲಾಯಿತು ಎಂಬ ಲೆಕ್ಕ. ಈ ಎರಡು ದೇವರಿಗೂ ಸೇರದ ಪಾಪವೆಂದರೆ ಮಿಸ್ಡ್ ಕಾಲ್. ಅದು ನೆಟ್‌ವರ್ಕನ್ನು ದುಡಿಸಿಕೊಳ್ಳುತ್ತದೆ, ಬಿಲ್ಲಿನಲ್ಲಿ ಕಾಣಿಸಿಕೊಳ್ಳುವುದಿಲ್ಲ. ಅದರ ಮೇಲೆ ಟವರ್ ಸೆಮಿನಾರ್ ಕೊಡುತ್ತಿದ್ದಾಗಲೇ ಜೇಬಿನಲ್ಲಿ ಅಮ್ಮನ ಮಿಸ್ಡ್ ಕಾಲ್ ಬಂತು. ಒಂದು ರಿಂಗ್ ಎಂದರೆ ‘ಊಟ ಆಯ್ತು’, ಎರಡು ಎಂದರೆ ‘ನೀನೇ ಮಾಡು’. 2003ರ ಮೇ ತಿಂಗಳಲ್ಲಿ ಒಳಬರುವ ಕರೆ ದೇಶಕ್ಕೆಲ್ಲ ಫ್ರೀಯಾದಾಗಿನಿಂದ ಆ ಮನೆಯಲ್ಲಿ ಹೊರಹೋಗುವ ಕರೆ ಮಗನ ಖಾತೆ.

ಓದು ಮುಗಿಸಿ ಬಂದವನನ್ನು ಪೂರ್ಣರೂಪದಲ್ಲಿ ನೋಡಬೇಕೆಂದರೆ ಮದುವೆ ಛತ್ರಕ್ಕೆ ಹೋಗಬೇಕು. “ನಮ್ಮ ಟವರ್, ಫೋನ್ ಕಂಪನಿಯಲ್ಲಿದ್ದಾನೆ” ಎಂದು ಪರಿಚಯಿಸಿದ್ದೇ ತಡ, ನಾಲ್ಕು ಕೈ, ನಾಲ್ಕು ಫೋನ್. ಒಬ್ಬರಿಗೆ ಕೇಳದೆಯೇ ಕಾಲರ್ ಟ್ಯೂನ್ ಹಾಕಿ ದುಡ್ಡು ಮುರಿದಿದ್ದಾರೆ, ಒಬ್ಬರಿಗೆ ಕೊನೆಯಲ್ಲಿ ಮೂರು ಒಂಬತ್ತು ಇರುವ ಫ್ಯಾನ್ಸಿ ನಂಬರ್ ಬೇಕು. ಇನ್ನೊಬ್ಬರ ವಾಟ್ಸಾಪಿನಲ್ಲಿ ಮೊಮ್ಮಗನ ಫೋಟೊ ಕಾಣೆಯಾಗಿದೆ. ಪಾಪ, ಎಲ್ಲವನ್ನೂ ನೋಡಿಕೊಡುತ್ತಾನೆ. ಆಮೇಲೆ ಅವನ ಕಣ್ಣು ಊಟದ ಹಾಲಿನ ಮೇಲೆ ಬೀಳುತ್ತದೆ.

“ಎಷ್ಟು ಜನ ಮಾವ?”

“ಆರುನೂರು. ಎರಡು ಗಂಟೆಯೊಳಗೆ ಮುಗೀಬೇಕು.”

“ಒಬ್ಬರ ಊಟಕ್ಕೆ 24 ನಿಮಿಷ ಹಿಡೀರಿ. ಗಂಟೆಗೆ 300 ಜನ, ಅಂದ್ರೆ 120 ಎರ್ಲಾಂಗ್.”

“ಕುರ್ಚಿಯೂ 120 ಇದ್ದಾವೆ. ಸರಿಹೋಯ್ತಲ್ಲ!”

“ಹೋಗಲಿಲ್ಲ. ಜನ ಲೆಕ್ಕ ಇಟ್ಟುಕೊಂಡು ಬರೋದಿಲ್ಲ, ತೋಚಿದ ಹಾಗೆ ಬರ್ತಾರೆ. ಎರ್ಲಾಂಗ್ ಬಿ ಸೂತ್ರದ ಪ್ರಕಾರ ನೂರಕ್ಕೆ ಏಳು ಜನಕ್ಕೆ ಎಲೆ ಸಿಗಲ್ಲ. ಅದನ್ನ ಎರಡಕ್ಕೆ ಇಳಿಸಬೇಕಾದ್ರೆ ಇನ್ನೂ ಹದಿಮೂರು ಕುರ್ಚಿ ಬೇಕು.”

“ಎಲೆ ಸಿಗದವರು ಎಂತ ಮಾಡ್ತಾರೆ?”

“ಬಿ ಸೂತ್ರದಲ್ಲಿ ಮನೆಗೆ ಹೋಗ್ತಾರೆ.”

ಹಾಗೆ ಹೋದವರು ಆ ಸೀಮೆಯ ಇತಿಹಾಸದಲ್ಲೇ ಇಲ್ಲ. ಉಣ್ಣುತ್ತಿರುವವನ ಕುರ್ಚಿಯ ಹಿಂದೆ ನಿಂತು, ಅವನು ಪಾಯಸ ಮುಗಿಸಿದನೇ ಎಂದು ಹೆಗಲ ಮೇಲಿಂದ ಬಗ್ಗಿ ನೋಡುತ್ತಾರೆ. ಹಾಗಾದರೆ ಇದು ಕಾಯುವವರ ಸೂತ್ರ, ಎರ್ಲಾಂಗ್ ಸಿ. 120 ಎರ್ಲಾಂಗಿಗೆ 120 ಕುರ್ಚಿ ಇಟ್ಟರೆ ಆ ಸೂತ್ರದಲ್ಲಿ ಸಾಲು ಬೆಳೆಯುತ್ತಲೇ ಹೋಗುತ್ತದೆ, ಕೊನೆಯೇ ಇಲ್ಲ. ಟವರ್ ಗಾಬರಿಯಿಂದ ಅಡುಗೆ ಭಟ್ಟರ ಹತ್ತಿರ ಓಡಿದ. ಅವರು ಸೌಟು ಕೆಳಗಿಡದೆಯೇ ಹೇಳಿದರು: “ಮಜ್ಜಿಗೆ ಬೇಗ ಬಿಟ್ಟರೆ ಆಯ್ತಪ್ಪ.” ಟವರ್ ಬಾಯಿ ಬಿಟ್ಟುಕೊಂಡು ನಿಂತ. ಕುರ್ಚಿ ಹೆಚ್ಚಿಸದೆ ಹೋಲ್ಡಿಂಗ್ ಟೈಮ್ ಇಳಿಸುವುದು! ಅವನ ಪುಸ್ತಕದಲ್ಲಿ ಅದಕ್ಕೊಂದು ಅಧ್ಯಾಯವೇ ಇತ್ತು.

ಅಷ್ಟಕ್ಕೆ ಸುಮ್ಮನಾಗಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಅವನೊಳಗೆ ಇಂಜಿನಿಯರ್ ಮಾತು ನಿಲ್ಲಿಸಿದ ಕೂಡಲೇ ಮ್ಯಾನೇಜರ್ ಶುರುಮಾಡುತ್ತಾನೆ. ಎರಡು ಸಿಮ್ಮಿನ ಫೋನು, ಒಂದು ಮಾತಾಡುವಾಗ ಇನ್ನೊಂದು ವ್ಯಾಪ್ತಿ ಪ್ರದೇಶದ ಹೊರಗಿರುತ್ತದೆ. ಮುಯ್ಯಿ ಬರೆದುಕೊಳ್ಳುವ ಪುಸ್ತಕ ಇಸಿದುಕೊಂಡು, ಒಟ್ಟು ಮೊತ್ತವನ್ನು ತಲೆಗಳಿಂದ ಭಾಗಿಸಿ, ಎಲೆಯ ದರದ ಪಕ್ಕದಲ್ಲಿಟ್ಟು, “ಮಾವ, ಆರ್ಪು ಎಲೆ ಖರ್ಚಿಗಿಂತ ಕಮ್ಮಿ ಇದೆ. ಗಂಡಿನ ಕಡೆಯವರಂತೂ ಪೂರ್ತಿ ನಷ್ಟ” ಎಂದು ಗಟ್ಟಿಯಾಗಿ ಹೇಳಿದ. ಗಂಡಿನ ಕಡೆಯವರು ಅಲ್ಲೇ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

ಅವನದೇ ಮದುವೆಯ ಮಾತುಕತೆ ಇದಕ್ಕಿಂತ ಚುಟುಕು. “ಇಂಜಿನಿಯರೋ, ಮ್ಯಾನೇಜರೋ?” ಎಂದರು ಹೆಣ್ಣಿನ ತಂದೆ. “ಎರಡೂ” ಎಂದ. “ಹಾಗಾದರೆ ಸಂಬಳವೂ ಎರಡೇ?”

ಆಫೀಸಿನಲ್ಲಿ ಅವನ ಕುರ್ಚಿ ನೆಟ್‌ವರ್ಕ್ ವಿಭಾಗಕ್ಕೂ ಹಣಕಾಸು ವಿಭಾಗಕ್ಕೂ ನಡುವೆ, ನೀರಿನ ಡಬ್ಬದ ಪಕ್ಕ. ನೆಟ್‌ವರ್ಕಿನವರು ಅವನನ್ನು ‘ನಿಮ್ಮ ಎಂ.ಬಿ.ಎ.ಗಳು’ ಎಂದು ಬೈಯುತ್ತಾರೆ, ಹಣಕಾಸಿನವರು ‘ನಿಮ್ಮ ಇಂಜಿನಿಯರುಗಳು’ ಎಂದು. ಸಿಗ್ನಲ್ ಅಳೆಯುವ ಲೆಕ್ಕವೆಲ್ಲ ಮೈನಸ್ಸಿನಲ್ಲಿ: ಮೈನಸ್ 70 ಡಿಬಿಎಂ ಎಂದರೆ ಬಲವಾದ ಸಿಗ್ನಲ್, ಮೈನಸ್ 110 ಎಂದರೆ ಕುಟುಕು ಜೀವ. ಟವರ್ ಅದರ ಸ್ಲೈಡ್ ಹಾಕಿದಾಗಲೆಲ್ಲ ಹಣಕಾಸಿನ ಮುಖ್ಯಸ್ಥರು ಕನ್ನಡಕ ಸರಿಮಾಡಿಕೊಂಡು ಕೇಳುತ್ತಾರೆ: “ಒಂದು ಊರಾದರೂ ಪ್ಲಸ್ಸಿನಲ್ಲಿ ಇಲ್ಲವೇನ್ರಿ?” ಈಚೆ ಬಂದು ಟವರ್ ಹತ್ತುವ ಹುಡುಗರಿಗೆ ಬಂಡವಾಳ ಎಷ್ಟು ವರ್ಷಕ್ಕೆ ವಾಪಸ್ಸಾಗಬೇಕೆಂದು ವಿವರಿಸಿದರೆ, “ಸರ್, ಮೊದಲು ಜನರೇಟರಿಗೆ ಡೀಸೆಲ್ ಕೊಡಿಸಿ” ಎನ್ನುತ್ತಾರೆ.

ನಗುವುದು ಸುಲಭ. ಆದರೆ ಈ ದೇಶದ ಟೆಲಿಕಾಂ ಚರಿತ್ರೆಯನ್ನು ಬಿಡಿಸಿ ನೋಡಿದರೆ ತಂತಿ ಕಡಿದು ಮುಳುಗಿದವರು ಕಡಿಮೆ, ಲೆಕ್ಕ ಕೈಕೊಟ್ಟು ಮುಳುಗಿದವರು ಹೆಚ್ಚು. ತೊಂಬತ್ತರ ದಶಕದಲ್ಲಿ ಕಂಪನಿಗಳು ಲೈಸೆನ್ಸಿಗೆ ಕಣ್ಣುಮುಚ್ಚಿ ಕೂಗಿದ ಹಣವನ್ನು ಕಟ್ಟಲಾಗದೆ ಒದ್ದಾಡಿದವು. 1999ರ ನೀತಿ ಬಂದು ‘ನಿಗದಿತ ಶುಲ್ಕ ಬೇಡ, ಆದಾಯದಲ್ಲಿ ಪಾಲು ಕೊಡಿ’ ಎಂದಿತು. ಎಲ್ಲರೂ ಬದುಕಿದೆವು ಎಂದುಕೊಂಡರು. ಆದಾಯವೆಂದರೆ ಕರೆಯಿಂದ ಬಂದದ್ದೋ, ಬಡ್ಡಿ ಬಾಡಿಗೆಗಳೂ ಸೇರುತ್ತವೋ ಎಂಬ ಜಗಳ ಕೋರ್ಟಿಗೆ ಹೋಯಿತು. 2019ರ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟ್ ‘ಎಲ್ಲವೂ ಸೇರುತ್ತವೆ’ ಎಂದಿತು. ಇಪ್ಪತ್ತು ವರ್ಷದ ಹಿಂದೆ ಬದುಕಿಸಿದ ಉಪಾಯವೇ ಕುತ್ತಿಗೆಗೆ ಬಂತು.

ನಮ್ಮ ಟವರ್‌ನ ಜಾತಕ ಈ ಚರಿತ್ರೆಯ ಪಕ್ಕದಲ್ಲೇ ಬರೆದದ್ದು. 2012ರ ಫೆಬ್ರುವರಿ 2ರಂದು ಸುಪ್ರೀಂ ಕೋರ್ಟ್ 2ಜಿ ಹಗರಣದ 122 ಲೈಸೆನ್ಸ್ ರದ್ದು ಮಾಡಿದಾಗ ಅವನದು ಕೊನೆಯ ಸೆಮಿಸ್ಟರ್. ಬರಬೇಕಿದ್ದ ಕಂಪನಿಗಳಲ್ಲಿ ಕೆಲವು ಕ್ಯಾಂಪಸ್ಸಿಗೂ ಬರಲಿಲ್ಲ, ಆಮೇಲೆ ದೇಶದಲ್ಲೂ ಉಳಿಯಲಿಲ್ಲ. ಹೇಗೋ ಒಂದು ಕಡೆ ಸೇರಿ, ಆರ್ಪು ಏರಿಸುವ ಮೂರು ವರ್ಷದ ಯೋಜನೆ ಬರೆದು ಭೇಷ್ ಎನಿಸಿಕೊಂಡ. 2016ರ ಸೆಪ್ಟೆಂಬರ್ 5ರಂದು ಜಿಯೊ ಬಂದು ಮಾತನ್ನೇ ಪುಕ್ಕಟೆ ಮಾಡಿತು. ಆ ಯೋಜನೆಯ ಹಾಳೆಗಳ ಹಿಂಬದಿಯಲ್ಲಿ ಅವನ ಮಗಳು ಆನೆ ಬರೆದಿದ್ದಾಳೆ. ಇಂಜಿನಿಯರಿಂಗ್ ಕಲಿತ, ಮ್ಯಾನೇಜ್‌ಮೆಂಟ್ ಕಲಿತ. ಕಂಪನಿಗಳನ್ನು ಎತ್ತಿದ್ದೂ ಇಳಿಸಿದ್ದೂ ಕಾನೂನು ಎಂದು ಮೂವತ್ತು ದಾಟಿದ ಮೇಲೆ ಗೊತ್ತಾಗಿ ಈಗ ಸಂಜೆ ಎಲ್.ಎಲ್.ಬಿ.ಗೆ ಹೋಗುತ್ತಾನೆ. ಪುಣೆಯ ಸಂಸ್ಥೆಯೂ ಕಾಲ ನೋಡಿಕೊಂಡು ತನ್ನ ಹೆಸರಿಗೆ ‘ಡಿಜಿಟಲ್’ ಸೇರಿಸಿಕೊಂಡಿತು. ಇವನೊಬ್ಬನೇ ಯಾಕೆ ಹಿಂದೆ ಬೀಳಬೇಕು?

ಊರಿನ ಸೋದರಮಾವನಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ. ಅವರ ದೂರು ಒಂದೇ: “ಮನೇಲಿ ಒಬ್ಬ ಟವರ್ ಇದ್ದೂ ಮನೆಗೆ ನೆಟ್‌ವರ್ಕ್ ಇಲ್ಲ.” ಜಗುಲಿಯ ಕಿಟಕಿಯ ಎರಡನೇ ಸರಳಿಗೆ ಫೋನ್ ತೂಗುಹಾಕಿದರೆ ಮಾತ್ರ ಒಂದು ಕಡ್ಡಿ ಸಿಗ್ನಲ್. ಲಾಕ್‌ಡೌನಿನಲ್ಲಿ ಮಕ್ಕಳು ಆನ್‌ಲೈನ್ ಪಾಠಕ್ಕೆ ಗುಡ್ಡ ಹತ್ತಿ, ಕೊಡೆ ಬಿಡಿಸಿಕೊಂಡು ಕೂತಿದ್ದರು. ಟವರ್ ಕಣ್ಣಿಗೆ ಅದು ಬಿತ್ತು.

ಅವನ ಎರಡು ಡಿಗ್ರಿಯೂ ಒಟ್ಟಿಗೆ ಕೆಲಸ ಮಾಡಿದ್ದು ಆಗಲೇ. ಹಣಕಾಸಿನವರು “ನಾಲ್ಕು ಹಳ್ಳಿ, ನೂರಾರು ಮನೆ, ಆರ್ಪು ಗಿಟ್ಟೋದಿಲ್ಲ” ಎಂದರು. ಕಂಪನಿಗಳಿಂದ ಆದಾಯದ ನೂರಕ್ಕೆ 5ರಷ್ಟು ಪಡೆದು, ಲಾಭ ಹುಟ್ಟದ ಹಳ್ಳಿಗಳಿಗೆಂದೇ ಸರ್ಕಾರ ನಡೆಸುವ ನಿಧಿಯಿದೆ ಎಂದು ಕಾಗದ ತೋರಿಸಿದ. ನೆಟ್‌ವರ್ಕಿನವರು ಕಣಿವೆಯಲ್ಲಿ ಎರಡು ಟವರ್ ಬೇಕೆಂದರು. ನಕ್ಷೆ ಹಾಸಿ, ಗುಡ್ಡದ ನೆತ್ತಿಯ ಮೇಲೆ ಒಂದೇ ಸಾಕು, ನಾಲ್ಕೂ ಹಳ್ಳಿ ಕಾಣುತ್ತವೆ ಎಂದು ಗೆರೆ ಎಳೆದು ತೋರಿಸಿದ. ಎರಡು ಕಡೆಯವರೂ ಅವನನ್ನು ಆ ಕಡೆಯವನೆಂದು ತಿಳಿದು ಒಪ್ಪಿಕೊಂಡರು. ಗುಡ್ಡದ ನೆತ್ತಿ ಮಾವನ ಜಾಗ.

“ಛೆ ಛೆ, ರೇಡಿಯೇಷನ್ನು! ಅಡಿಕೆ ಹೀಚು ಉದುರ್ತದೆ” ಎಂದರು ಮಾವ. 2012ರ ಸೆಪ್ಟೆಂಬರಿನಿಂದ ನಮ್ಮ ದೇಶದ ಮಿತಿ ಅಂತರರಾಷ್ಟ್ರೀಯ ಮಿತಿಯ ಹತ್ತರಲ್ಲೊಂದು ಪಾಲು ಎಂದು ಟವರ್ ವಿವರಿಸಿದ. “ಹತ್ತರಲ್ಲೊಂದು ಅಂದ್ರೂ ಇದೆ ಅಂತಾಯ್ತಲ್ಲ! ಪಕ್ಕದವರ ಜಾಗದಲ್ಲಿ ಹಾಕಿಸು. ಸಿಗ್ನಲ್ ನಮಗೆ ಬಂದ್ರೆ ಸಾಕು.” ಪಕ್ಕದವರು ಮರುಮಾತಿಲ್ಲದೆ ಸಹಿ ಹಾಕಿದರು. ಟವರ್ ಎದ್ದಿತು. ತಿಂಗಳು ಕಳೆದ ಮೇಲೆ ಅವರಿಗೆ ಬಾಡಿಗೆ ಚೆಕ್ ಬಂದ ಸುದ್ದಿ ಮಾವನ ಕಿವಿಗೆ ಬಿತ್ತು. ಅಂದು ಸಂಜೆಯೇ ಅವರು ಅಳಿಯನಿಗೆ ಫೋನ್ ಮಾಡಿದರು. ಕಿಟಕಿಯ ಸರಳು ಬೇಕಾಗಲಿಲ್ಲ, ಬಚ್ಚಲ ಒಲೆಯ ಮುಂದೆ ಕೂತೇ ಮಾಡಿದರು. ಮನೆಯವರಿಗೆ ಬರುವ ಬಾಡಿಗೆಯನ್ನು ಪಕ್ಕದವರಿಗೆ ಕೊಡಿಸುವುದಕ್ಕೆ ಎರಡೆರಡು ಡಿಗ್ರಿ ಯಾಕೆ ಬೇಕಿತ್ತು, ಎಸ್ಸೆಸ್ಸೆಲ್ಸಿ ಸಾಲುತ್ತಿರಲಿಲ್ಲವೇ ಎಂಬಲ್ಲಿಂದ ಶುರುವಾದದ್ದು 40 ನಿಮಿಷ ನಡೆಯಿತು. ಒಂದು ಸಲವೂ ಕಟ್ ಆಗಲಿಲ್ಲ.

ಟವರ್ ಹೂಂಗುಟ್ಟುತ್ತ ಲೆಕ್ಕ ಹಾಕಿದ. 40 ನಿಮಿಷ, ಅಂದರೆ ಆ ಗಂಟೆಯಲ್ಲಿ 0.67 ಎರ್ಲಾಂಗ್, ನೆಟ್‌ವರ್ಕ್ ಅದ್ಭುತವಾಗಿದೆ. ಕಂಪನಿಗೆ ಬಂದ ಹೆಚ್ಚುವರಿ ಆದಾಯ ಸೊನ್ನೆ. ಮಾವನದು ಅನ್‌ಲಿಮಿಟೆಡ್ ಪ್ಯಾಕು, ರೀಚಾರ್ಜ್ ಮಾಡಿಸಿದ್ದೂ ಇವನೇ.