ಚಿಲಿಯ ಲೇಖಕಿ ನೋನಾ ಫರ್ನಾಂಡಿಸ್ ಅವರಿಗೊಂದು ಬಹಿರಂಗ ಪತ್ರ

ಪ್ರಿಯ ನೋನಾ ಅವರೇ,

ನಿಮ್ಮ ‘ಸ್ಪೇಸ್ ಇನ್ವೇಡರ್ಸ್’ ಒಂದು ಸಂಜೆಗೆ ಓದಿ ಮುಗಿಸಬಹುದಾದ ಕಾದಂಬರಿ. ಇಂಗ್ಲಿಷ್ ಅನುವಾದದಲ್ಲಿ ಓದಿದೆ. ಮುಗಿಸಿದ್ದೇನೋ ನಿಜ, ಅದು ನನ್ನನ್ನು ಬಿಟ್ಟಿಲ್ಲ.

1973ರ ಸೆಪ್ಟೆಂಬರ್ 11ರಂದು ಜನರಲ್ ಪಿನೊಚೆಟ್‌ನ ಸೇನೆ ಚಿಲಿಯನ್ನು ಕೈವಶ ಮಾಡಿಕೊಂಡಾಗ ನಿಮಗಿನ್ನೂ ಎರಡು ವರ್ಷ. ಅವನು ಕುರ್ಚಿ ಬಿಟ್ಟದ್ದು 1990ರಲ್ಲಿ. ನಿಮ್ಮ ಬಾಲ್ಯ, ಹರೆಯ ಎರಡೂ ಅವನ ಆಳ್ವಿಕೆಯಲ್ಲೇ ಹೋದವು.

ನಿಮ್ಮ ಕಾದಂಬರಿಯ ಮಕ್ಕಳನ್ನು ಕರೆಯುವುದು ಹಾಜರಿ ಪುಸ್ತಕದ ಮನೆತನದ ಹೆಸರುಗಳಿಂದ: ರಿಕೆಲ್ಮೆ, ಮಾಲ್ಡೊನಾಡೊ, ಫುವೆನ್ಸಾಲಿಡಾ. ದೊಡ್ಡವರಾದ ಮೇಲೂ ಅವರೆಲ್ಲರ ಕನಸಿಗೆ ಬರುವವಳು ತರಗತಿ ಬಿಟ್ಟುಹೋದ ಎಸ್ತ್ರೆಲ್ಲಾ. ಒಬ್ಬರಿಗೆ ಅವಳ ದನಿ ಕೇಳಿಸುತ್ತದೆ, ಇನ್ನೊಬ್ಬರಿಗೆ ಅವಳ ಪತ್ರಗಳು ಕಾಣಿಸುತ್ತವೆ. ಒಬ್ಬರ ಕನಸು ಇನ್ನೊಬ್ಬರದಕ್ಕೆ ತಾಳೆಯಾಗುವುದಿಲ್ಲ, ತಾಳೆ ಹಾಕಲು ನೀವೂ ಹೋಗುವುದಿಲ್ಲ. ಜನರ ನೆನಪು ಅಂದರೆ ಎಲ್ಲರೂ ಒಂದನ್ನೇ ನೆನೆಯುವುದು ಎಂದುಕೊಂಡಿದ್ದ ನನಗೆ ಅದು ಹೊಸ ಪಾಠ.

ಎಸ್ತ್ರೆಲ್ಲಾಳ ಅಪ್ಪ ಪೊಲೀಸ್ ಅಧಿಕಾರಿ. 1985ರ ಮಾರ್ಚ್ ಕೊನೆಯಲ್ಲಿ ಸಾಂಟಿಯಾಗೊದಲ್ಲಿ ಮೂವರು ಕಮ್ಯುನಿಸ್ಟರ ಕತ್ತು ಸೀಳಿ ಕೊಂದರು. ಅವರಲ್ಲಿ ಇಬ್ಬರನ್ನು ಎತ್ತಿಕೊಂಡು ಹೋದದ್ದು ಶಾಲೆಯೊಂದರ ಬಾಗಿಲಿನಿಂದ, ಕೊಂದವರು ಪೊಲೀಸರು. ಗೆಳತಿಯ ಅಪ್ಪನಿಗೂ ಆ ಕೊಲೆಗೂ ನಂಟಿತ್ತೆಂದು ಜೊತೆಯಲ್ಲಿ ಆಡಿದ ಮಕ್ಕಳಿಗೆ ಗೊತ್ತಾಗುವುದು ಆಮೇಲೆ. ಆಗ ಅವಳ ಮನೆಯಲ್ಲಿ ವಿಡಿಯೊ ಗೇಮ್ ಆಡಿದ ಮಧ್ಯಾಹ್ನವನ್ನು ಎಲ್ಲಿಡಬೇಕು? ಇಂಥ ಪ್ರಶ್ನೆಗೆ ಯಾವ ತನಿಖಾ ಆಯೋಗದ ವರದಿಯಲ್ಲೂ ಜಾಗವಿಲ್ಲ. ಅದಕ್ಕೇ ಕಾದಂಬರಿ ಬೇಕಾಗುತ್ತದೆ.

2016ರ ನಿಮ್ಮ ‘ದ ಟ್ವೈಲೈಟ್ ಝೋನ್’ ಇನ್ನೂ ಕಠಿಣ. ಆಂದ್ರೆಸ್ ವಾಲೆನ್ಸುವೆಲಾ ಎಂಬ ಗುಪ್ತದಳದವನು 1984ರಲ್ಲಿ ಪತ್ರಿಕಾ ಕಚೇರಿಯೊಂದಕ್ಕೆ ತಾನಾಗಿ ಬಂದು, ತಾನು ಚಿತ್ರಹಿಂಸೆ ಕೊಟ್ಟದ್ದನ್ನು ಒಪ್ಪಿಕೊಂಡ. ಅವನು ಹೇಳಿದ್ದು ದಾಖಲೆಯಲ್ಲಿದೆ. ದಾಖಲೆ ನಿಂತಲ್ಲಿ ನೀವು ‘ಊಹಿಸಿಕೊಳ್ಳುತ್ತೇನೆ’ ಎಂದು ಬಾಯಿಬಿಟ್ಟು ಹೇಳಿ ಮುಂದೆ ಹೋಗುತ್ತೀರಿ. ಸತ್ತವರ ಬಾಯಿಗೆ ನಮ್ಮ ಮಾತು ತುರುಕುವುದು ಎಷ್ಟು ಸುಲಭ! ಆ ಒಂದು ಪದದಿಂದ ನೀವು ಅವರ ಮರ್ಯಾದೆ ಕಾಪಾಡಿದಿರಿ.

ಸೇನಾದಂಗೆಯಾಗಿ ಐವತ್ತು ವರ್ಷವಾಗುವ ಹೊತ್ತಿಗೆ, 2023ರಲ್ಲಿ, ನಿಮ್ಮ ಸರ್ಕಾರ ಪಿನೊಚೆಟ್ ಆಳ್ವಿಕೆಯಲ್ಲಿ ಕಾಣೆಯಾದವರ ಶೋಧಕ್ಕೆ ಯೋಜನೆ ಘೋಷಿಸಿತು. ಸಾವಿರಕ್ಕೂ ಹೆಚ್ಚು ಮಂದಿಯ ಗುರುತು ಆಗಲೂ ಸಿಕ್ಕಿರಲಿಲ್ಲ. ‘ಕಾಣೆಯಾದವರು’ ಎಂದು ಬರೆದೆನಲ್ಲ, ಆ ಪದ ನನಗೆ ಮುಳ್ಳಿನಂತೆ ಚುಚ್ಚುತ್ತದೆ. ನಮ್ಮಲ್ಲಿ ಜಾತ್ರೆಯಲ್ಲಿ ಕೈತಪ್ಪಿದ ಮಗುವಿಗೂ ಅದೇ ಪದ, ತಾನಾಗಿಯೇ ಎಲ್ಲೋ ಹೋದಂತೆ. ನಿಮ್ಮ ಪುಸ್ತಕವನ್ನು ಯಾರಾದರೂ ಕನ್ನಡಕ್ಕೆ ತರುವುದಾದರೆ, ಕಿವಿಗೆ ಒಡ್ಡೊಡ್ಡಾಗಿ ಕೇಳಿಸಿದರೂ ಚಿಂತೆಯಿಲ್ಲ, ‘ಕಾಣೆ ಮಾಡಲಾದವರು’ ಎಂದೇ ಬರೆಯಲಿ.

ಇಂತು,
ಕನ್ನಡದ ಒಬ್ಬ ಓದುಗ