ನಾಲಗೆ ಪಂಡಿತ

ಸಾರಿಗೆ ಉಪ್ಪು ಬಿದ್ದಿಲ್ಲ ಅನ್ನೋದು ನನಗೆ ತಿಳಿದದ್ದು ಎರಡು ಸಲ ಹಾಕಿಸಿಕೊಂಡು ಉಂಡು, ಕೈ ತೊಳೆದು, ಟಿ.ವಿ. ಮುಂದೆ ಕೂತ ಮೇಲೆ. ಅದೂ ನಾಲಗೆಯಿಂದ ತಿಳಿದದ್ದಲ್ಲ, ಕಿವಿಯಿಂದ.

"ಅಯ್ಯೋ, ಉಪ್ಪೇ ಹಾಕಿಲ್ವಲ್ಲೇ!" ಎಂದು ಅಮ್ಮನ ದನಿ.

"ನಿಮ್ಮ ಮಗ ಎರಡು ಸಲ ಹಾಕಿಸ್ಕೊಂಡ್ರು, ಏನೂ ಅನ್ಲಿಲ್ಲ" ಎಂದು ಹೆಂಡತಿಯ ದನಿ.

ಆ ಹೊತ್ತಿಗೆ ನಾನು ನೋಟ್‌ಬುಕ್ಕಿನಲ್ಲಿ ಹಿಂದಿನ ಸಂಜೆಯ ಬೀರಿನ ಬಗ್ಗೆ ಬರೆಯುತ್ತಿದ್ದೆ: 'ಮೊದಲ ಗುಟುಕಿಗೆ ಲವಂಗ, ಆಮೇಲೆ ಕಳಿತ ಬಾಳೆಹಣ್ಣು, ಕೊನೆಗೆ ನಾಲಗೆಯ ಅಂಚಿನಲ್ಲಿ ತುಸುವೇ ಒಗರು.' ಹೆಂಡತಿ ಹೆಗಲ ಮೇಲಿಂದ ಇಣುಕಿ ಓದಿದಳು. ಅಂದಿನಿಂದ ಮನೆಯಲ್ಲಿ ನನ್ನ ಹೆಸರು ನಾಲಗೆ ಪಂಡಿತ.

ಈ ಪಾಂಡಿತ್ಯ ಅಂಟಿಸಿದವನು ನನ್ನ ಅಕ್ಕನ ಮಗ. ಅಲ್ಲಿಯವರೆಗೆ ನನಗೆ ಗೊತ್ತಿದ್ದದ್ದು ಎರಡೇ ಜಾತಿಯ ಬೀರು: ತಣ್ಣಗಿರೋದು, ತಣ್ಣಗಿಲ್ಲದ್ದು. ಬೆಂಗಳೂರಿಗೇನು ಬೀರು ಹೊಸದೇ? ಥಾಮಸ್ ಲೀಷ್ಮನ್ ಎಂಬ ಸ್ಕಾಟ್ಲೆಂಡಿನವನು ಯುನೈಟೆಡ್ ಬ್ರೂವರೀಸ್ ಕಟ್ಟಿದ್ದು 1915ರಲ್ಲಿ. ಈಗ ಯುಬಿ ಸಿಟಿಯಲ್ಲಿ ಕೈಚೀಲಕ್ಕೆ ಲಕ್ಷ ಬೆಲೆ ನೋಡಿ ನಾವು ಹಿಂದೆ ಸರಿಯುವ ಜಾಗದಲ್ಲಿ ಹಿಂದೆ ಇದ್ದದ್ದು ಬೀರು ಕಾಸುವ ಹಂಡೆಗಳು. ಆದರೆ ಕುಡಿಯುವವನ ಕಣ್ಣೆದುರೇ ಬೀರು ತಯಾರಿಸುವ ಸಂಭ್ರಮ ಶುರುವಾದದ್ದು 2010ರ ಸುಮಾರಿಗೆ, ಇಂದಿರಾನಗರದ ನೂರಡಿ ರಸ್ತೆಯಲ್ಲಿ ಟಾಯ್ಟ್ ಬಾಗಿಲು ತೆರೆದಾಗ. ಅಲ್ಲಿ ಬಾಸ್ಮತಿ ಬ್ಲಾಂಡ್ ಎಂಬ ಬೀರು ಕೊಡಿಸಿದ ಹುಡುಗ, "ಮಾಮ, ಇದಕ್ಕೆ ಅಕ್ಕಿ ಹಾಕಿರ್ತಾರೆ, ಗಂಧ ಹಿಡೀರಿ" ಅಂದ. ಹಿಡಿದೆ. ಸಿಗಲಿಲ್ಲ. ಸಿಕ್ಕಿತು ಅಂದೆ. ನನ್ನ ಪಾಂಡಿತ್ಯದ ಅಡಿಗಲ್ಲು ಅದು.

ಆಮೇಲೆ ಶನಿವಾರಗಳೆಲ್ಲ ಅದಕ್ಕೇ ಮೀಸಲಾದವು. ಮ್ಯಾಗ್ರತ್ ರಸ್ತೆಯ ಆರ್ಬರ್, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್, ಜೆ.ಪಿ. ನಗರದ ಬ್ರೂಸ್ಕಿ. ಆದರೆ ಬೇಗೂರಿನಲ್ಲಿ ಮನೆ ಮಾಡಿದವನಿಗೆ ಬೀರಿಗಿಂತ ದಾರಿಯೇ ಹೆಚ್ಚು ತಲೆ ತಿರುಗಿಸುತ್ತದೆ. ಕುಡಿಯಲು ಹೋಗುವವನು ಗಾಡಿ ಮುಟ್ಟಬಾರದು, ಆದ್ದರಿಂದ ಆಟೋ. ಬೇಗೂರು ರಸ್ತೆಯ ಗುಂಡಿಗಳನ್ನು ಬೆನ್ನುಮೂಳೆಯಲ್ಲಿ ಎಣಿಸಿ, ಬೊಮ್ಮನಹಳ್ಳಿಯಲ್ಲಿ ನಿಟ್ಟುಸಿರು ಬಿಟ್ಟು, ಸಿಲ್ಕ್ ಬೋರ್ಡಿನಲ್ಲಿ ವೈರಾಗ್ಯ ತಾಳುವ ಹೊತ್ತಿಗೆ ಬಾಯಾರಿಕೆಯ ಜೊತೆ ಬದುಕಿನ ಆಸೆಯೂ ಅರ್ಧ ಇಂಗಿರುತ್ತಿತ್ತು. 2025ರ ಆಗಸ್ಟಿನಲ್ಲಿ ಹಳದಿ ಮೆಟ್ರೋ ಬಂತು, ಸುಖವಾಯಿತು. ಹೊಂಗಸಂದ್ರದಲ್ಲಿ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಸಿರಿಗೆ, ಮೆಜೆಸ್ಟಿಕ್ಕಿನಲ್ಲಿ ನೇರಳೆಗೆ ಬದಲಾಯಿಸಿದರೆ ಇಂದಿರಾನಗರ. ಮೂರು ಬಣ್ಣ ದಾಟಿದ ಮೇಲೆ ನಾಲ್ಕನೆಯದು, ಹೊಂಬಣ್ಣ. ನಡುವೆ ರಾಗಿಗುಡ್ಡ ಸ್ಟೇಷನ್ ಬಂದಾಗ ಮಾತ್ರ ಆಂಜನೇಯನ ಕಡೆ ನೋಡುವುದಿಲ್ಲ. ರಾಗಿ ರಾಶಿ ಕಲ್ಲಾಗಿ ಗುಡ್ಡವಾಯಿತೆಂಬ ಸ್ಥಳದ ಮುಂದೆ ಬಾರ್ಲಿಗೆಂದು ಹೊರಟವನು ಏನು ಮುಖ ತೋರಿಸುವುದು?

ನನ್ನ ನಿಜವಾದ ಕಷ್ಟ ಮನೆಗೆ ಬಂದ ಮೇಲೆ. ನಾನು ಕಂಡುಹಿಡಿದ ಯಾವ ರುಚಿಯೂ ನಮ್ಮ ಅಡುಗೆಮನೆಗೆ ಹೊಸದಲ್ಲ.

"ಗೋಧಿ ಬೀರಿಗೆ ಲವಂಗ ಹಾಕಿರೋದೇ ಇಲ್ಲಮ್ಮ, ಯೀಸ್ಟಿನಿಂದಲೇ ಆ ವಾಸನೆ ಬರುತ್ತೆ" ಅಂದರೆ, ಅಮ್ಮ "ಹಾಕದೇ ಬಂತು ಅಂದ್ರೆ ಪಾತ್ರೆ ಸರಿಯಾಗಿ ತೊಳೆದಿಲ್ಲ ಅಂತ" ಅಂದಳು. ಬೆಲ್ಜಿಯಂ ಶೈಲಿಯ ಬಿಳಿ ಬೀರಿಗೆ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ಹಾಕುತ್ತಾರೆ ಅಂದೆ. "ಸಿಪ್ಪೆ ಗೊಜ್ಜು ಮಾಡಿದ್ರೆ ಮೂಗು ಮುರೀತೀರಿ" ಅಂದಳು ಹೆಂಡತಿ. ಜರ್ಮನಿಯ ಗೋಸೆಗೆ ಹುಳಿ, ಉಪ್ಪು, ಕೊತ್ತಂಬರಿ ಅಂದೆ. ಅವಳು ಮಾತಾಡದೆ ಒಂದು ಲೋಟ ಮಜ್ಜಿಗೆ ತಂದು ಮುಂದಿಟ್ಟಳು. ಐಪಿಎ ಕಹಿಯ ಗುಣಗಾನ ಮಾಡಿದ ರಾತ್ರಿ ಊಟಕ್ಕೆ ಹಾಗಲಕಾಯಿ ಪಲ್ಯ. ಹೋಳುಗಳನ್ನು ತಟ್ಟೆಯಂಚಿಗೆ ಸರಿಸುತ್ತಿದ್ದಾಗ, "ಇದನ್ನೇ ರುಬ್ಬಿ ಲೋಟಕ್ಕೆ ಹಾಕಿ ನಾನೂರು ರೂಪಾಯಿ ಅಂದಿದ್ರೆ ಕುಡೀತಿದ್ರಿ" ಎಂಬ ಮಾತು ಬಂತು. ಕುಡಿಯುತ್ತಿದ್ದೆನೇನೋ, ಸುಳ್ಳೇಕೆ ಹೇಳಲಿ.

ಇತಿಹಾಸದ ಬಲದಿಂದಾದರೂ ಗೆಲ್ಲೋಣವೆಂದು 1516ರಲ್ಲಿ ಬವೇರಿಯಾದ ದೊರೆಗಳು ಹೊರಡಿಸಿದ ಕಟ್ಟಳೆ ತೆಗೆದೆ: ಬೀರಿಗೆ ಬಾರ್ಲಿ, ಹಾಪ್ಸ್, ನೀರು, ಈ ಮೂರೇ.

"ಹಾಗಾದ್ರೆ ಹುದುಗು ಬರಿಸಿದ್ದು ಯಾರು?" ಅಂದಳು ಅಮ್ಮ.

ಐನೂರು ವರ್ಷದ ಕಟ್ಟಳೆಯಲ್ಲಿ ಯೀಸ್ಟಿನ ಹೆಸರಿಲ್ಲ ಎಂಬ ಹುಳುಕನ್ನು, ದಿನಾ ದೋಸೆ ಹಿಟ್ಟು ಕಲಸುವವಳು ಅರೆಗಳಿಗೆಯಲ್ಲಿ ಹಿಡಿದಿದ್ದಳು. ಮಾಲ್ಟ್ ಎಂದರೆ ಧಾನ್ಯ ನೆನೆಸಿ, ಮೊಳಕೆ ಬರಿಸಿ, ಒಣಗಿಸಿದ್ದು ಎಂದು ವಿವರಿಸಿದಾಗಲೂ ಅಷ್ಟೇ: "ನೀನು ಆರು ತಿಂಗಳ ಕೂಸಿದ್ದಾಗಲೇ ಕುಡಿಸಿದೀನಲ್ಲೋ, ರಾಗೀದು." ಎಂಡ್ಕುಡ್ಕ ರತ್ನನನ್ನು ಹುಟ್ಟಿಸಿದ ರಾಜರತ್ನಂ ಮೇಷ್ಟ್ರು ಹೆಂಡ ಮುಟ್ಟದೆಯೇ ಅಷ್ಟು ಬರೆದರು. ನಾನು ಇಷ್ಟು ಕುಡಿದೂ ಮನೆಯೊಳಗೆ ಒಂದು ವಾಕ್ಯ ಪೂರ್ತಿ ಮಾಡಲಾಗುತ್ತಿಲ್ಲ.

ಇನ್ನು 2020ರ ಸಂಗತಿ. ಹೇಳದೇ ಮುಚ್ಚಿಡೋಣವೆಂದರೆ ಅಕ್ಕನ ಮಗ ಈಗಾಗಲೇ ನೆಂಟರಿಗೆಲ್ಲ ಹಂಚಿದ್ದಾನೆ.

ಲಾಕ್‌ಡೌನಿನ ಮೇ ತಿಂಗಳು. ಮೈಕ್ರೋಬ್ರೂವರಿಗಳು ತಾಜಾ ಬೀರನ್ನು ಪಾರ್ಸೆಲ್ ಕೊಡಬಹುದು, ಗಾಜು, ಪಿಂಗಾಣಿ ಅಥವಾ ಸ್ಟೀಲಿನ ಪಾತ್ರೆಯಲ್ಲಿ, ತಲೆಗೆ ಎರಡು ಲೀಟರ್ ಎಂದು ಸರ್ಕಾರ ಅಪ್ಪಣೆ ಕೊಟ್ಟಿತು. ಮಾಸ್ಕ್ ಏರಿಸಿಕೊಂಡು ಹೋಗಿ ಎರಡು ಲೀಟರ್ ಅಕ್ಕಿ ಬೀರು ತಂದೆ. ಗಾಜಿನ ಜಾಡಿ ಫ್ರಿಜ್ಜಿನಲ್ಲಿ ಹಿಡಿಸಲಿಲ್ಲ. ಹಾಲಿನ ಸ್ಟೀಲ್ ಕ್ಯಾನಿಗೆ ಸುರಿದು ಮುಚ್ಚಿಟ್ಟೆ. ಸಂಜೆ ಅಕ್ಕನ ಮಗನ ಜೊತೆ ವಿಡಿಯೋ ಕರೆಯಲ್ಲಿ ರುಚಿ ಪರೀಕ್ಷೆ ಎಂದು ನಿಗದಿಯಾಗಿತ್ತು.

ಅಲ್ಲಿಗೇ ಬಿಟ್ಟಿದ್ದರೆ ಆಗಿತ್ತು. ಆದರೆ ಪಂಡಿತರಿಗೆ ಗೊತ್ತಿರುವ ಒಂದು ವಿಚಾರವಿದೆ: ಬೀರು ತೀರಾ ತಣ್ಣಗಿದ್ದರೆ ಗಂಧ ಏಳುವುದಿಲ್ಲ, ಅರ್ಧ ಗಂಟೆ ಹೊರಗಿಡಬೇಕು. ಹೊರಗಿಟ್ಟೆ, ಅಡುಗೆಕಟ್ಟೆಯ ಮೇಲೆ, ಅಂಥದೇ ಇನ್ನೊಂದು ಕ್ಯಾನಿನ ಪಕ್ಕ.

ಅರ್ಧ ಗಂಟೆ ಬಿಟ್ಟು ಕ್ಯಾನ್ ಎತ್ತಿಕೊಂಡು ತಾರಸಿಗೆ ಹೋದೆ. ಲೋಟಕ್ಕೆ ಸುರಿದು, ಬೆಳಕಿಗೆ ಹಿಡಿದು, ಮೂಗಿನ ಕೆಳಗೆ ಮೂರು ಸುತ್ತು ತಿರುಗಿಸಿ, ಕುಡಿದು, ಕಣ್ಣು ಮುಚ್ಚಿ ಹೇಳತೊಡಗಿದೆ: "ಮೋಡದ ಬಣ್ಣ. ತೆಳು ಮೈ. ಗ್ಯಾಸ್ ಕಡಿಮೆ, ಹಳೇ ಇಂಗ್ಲಿಷ್ ಶೈಲಿ ಇರಬೇಕು. ಹಿತವಾದ ಹುಳಿ. ಅಕ್ಕಿಯ ಗಂಧ ಈ ಸಲ ಎಷ್ಟು ಸ್ಪಷ್ಟ! ಹಿಂದಿನಿಂದ ಮಣ್ಣಿನ ಸೊಗಡು." ಅತ್ತ ಕಡೆ ಹುಡುಗ ಭಕ್ತಿಯಿಂದ ತಲೆಯಾಡಿಸಿದ. ಐದಕ್ಕೆ ನಾಲ್ಕೂವರೆ ಎಂದು ಬರೆದು ಎರಡನೇ ಲೋಟ ತುಂಬಿಸಿಕೊಂಡೆ.

ಆಗ ಕೆಳಗಿನಿಂದ ಹೆಂಡತಿ ಕೂಗಿದಳು: "ರೀ, ಕರಿಬೇವಿನ ಗಿಡಕ್ಕೆ ಅಕ್ಕಚ್ಚು ಹಾಕಿದ್ರೆ ನೊರೆ ಬರ್ತಿದೆ, ಯಾಕೆ?"

ಅಕ್ಕಚ್ಚು ಎಂದರೆ ಅಕ್ಕಿ ತೊಳೆದ ನೀರು. ಗಿಡಕ್ಕೆಂದೇ ಅವಳು ಎರಡು ದಿನ ಹುಳಿ ಬರಿಸಿ ಇಡುತ್ತಾಳೆ. ಹಳ್ಳಿಯಲ್ಲಾದರೆ ದನಕ್ಕೆ ಇಡುತ್ತಾರೆ, ಅಂದರೆ ಹೆಚ್ಚು ಕಡಿಮೆ ಸರಿಯಾದ ಜಾಗಕ್ಕೇ ಸೇರಿತ್ತು.

ನಮ್ಮ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲು ಶಾಸನವೊಂದು ಸಿಕ್ಕಿದೆ. ಅದರಲ್ಲಿ 'ಬೆಂಗಳೂರು ಕಾಳಗ'ದ ಪ್ರಸ್ತಾಪವಿದೆ, ಊರಿನ ಹೆಸರಿಗೆ ಸಿಕ್ಕ ಅತಿ ಹಳೆಯ ಸಾಕ್ಷಿ ಅದು. ಅಂದು ರಾತ್ರಿ ನಮ್ಮ ಮನೆಯಲ್ಲಿ ನಡೆದ ಕಾಳಗಕ್ಕೆ ಯಾರೂ ಕಲ್ಲು ನೆಡಿಸಲಿಲ್ಲ. ಎರಡು ಲೀಟರ್ ಬೀರಿನ ದುಡ್ಡು ನನಗೆ ನೋವು, ಒಂದೂವರೆ ಲೋಟ ಅಕ್ಕಚ್ಚು ಕುಡಿದದ್ದು ಅಮ್ಮನಿಗೆ ಗಾಬರಿ, ಗಿಡ ಸತ್ತರೆ ಏನು ಗತಿ ಎಂಬುದು ಹೆಂಡತಿಗೆ ಚಿಂತೆ. ಫೋನಿನೊಳಗಿನ ಹುಡುಗನಿಗೆ ಮಾತ್ರ ನಗು ನಿಲ್ಲಲಿಲ್ಲ.

ಗಿಡ ಸಾಯಲಿಲ್ಲ, ಕಿಟಕಿಯೆತ್ತರ ಬೆಳೆದಿದೆ. ನನಗೂ ಏನೂ ಆಗಲಿಲ್ಲ. ಆಮೇಲೆ ಊರಿನ ಬೀರುಗಳನ್ನು ಎಷ್ಟೋ ಕುಡಿದೆ, ಒಂದೊಂದಕ್ಕೂ ಅಂಕ ಹಾಕಿದೆ. ನೋಟ್‌ಬುಕ್ಕಿನಲ್ಲಿ ನಾಲ್ಕೂವರೆ ದಾಟಿದ್ದು ಇವತ್ತಿನವರೆಗೆ ಒಂದೂ ಇಲ್ಲ.